ದಂಡಿನಿಂದ ಸಿಟಿಗೆ ನಾಲ್ಕು ಕಿಲೋಮೀಟರ್, ಅರ್ಧ ಗಂಟೆ

ಚೆನ್ನೈ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದವರಿಗೆ ಇದು ಚೆನ್ನಾಗಿ ಗೊತ್ತು. ದಂಡು ಸ್ಟೇಷನ್, ಅಂದರೆ ಕಂಟೋನ್ಮೆಂಟ್ ಬರುತ್ತಿದ್ದ ಹಾಗೆ ಅರ್ಧ ಬೋಗಿ ಖಾಲಿಯಾಗುತ್ತದೆ. ಉಳಿದವರು ಸೀಟಿನ ಕೆಳಗಿಂದ ಬ್ಯಾಗು ಎಳೆದುಕೊಂಡು ಬಾಗಿಲ ಹತ್ತಿರ ಸಾಲಾಗಿ ನಿಲ್ಲುತ್ತಾರೆ. ಸಿಟಿ ಸ್ಟೇಷನ್ನಿಗೆ ಇನ್ನು ನಾಲ್ಕೈದು ಕಿಲೋಮೀಟರ್ ಅಷ್ಟೆ. ರೈಲು ಹೊರಡುತ್ತದೆ, ತೆವಳುತ್ತದೆ, ಶೇಷಾದ್ರಿಪುರದ ಮನೆಗಳ ಹಿಂದೆ ಎಲ್ಲೋ ನಿಂತೇ ಬಿಡುತ್ತದೆ. 'ಔಟರ್‌ನಲ್ಲಿ ಹಾಕಿದ್ದಾನೆ' ಅಂತ ಯಾರೋ ಫೋನಿನಲ್ಲಿ ಹೇಳುತ್ತಾರೆ. ಔಟರ್ ಅಂದರೆ ನಿಲ್ದಾಣದ ಹೊರಗೆ ರೈಲನ್ನು ಕಾಯಿಸುವ ಸಿಗ್ನಲ್. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅಷ್ಟು ಹೊತ್ತಿಗೆ ದಂಡಿನಲ್ಲಿ ಇಳಿದವರು ಆಟೊ ಹಿಡಿದು ಮನೆ ಸೇರಿರುತ್ತಾರೆ.

ಇದಕ್ಕೆ ಒಂದು ಸುಲಭದ ಉತ್ತರ ಇದೆ. ದಾರಿಯಲ್ಲಿ ಆದ ತಡವನ್ನು ಸರಿದೂಗಿಸಲು ವೇಳಾಪಟ್ಟಿಯಲ್ಲಿ ಕೊನೆಯ ಒಂದೆರಡು ನಿಲ್ದಾಣಗಳ ನಡುವೆ ಜಾಸ್ತಿ ಸಮಯ ಇಡುವುದು ರೈಲ್ವೆಯ ಹಳೆಯ ಪದ್ಧತಿ. ಹಾಗಾಗಿ ರೈಲು ಔಟರ್‌ನಲ್ಲಿ ಕಾದರೂ ಕಾಗದದ ಮೇಲೆ ಸಮಯಕ್ಕೆ ಸರಿಯಾಗಿಯೇ ಬಂದಿರುತ್ತದೆ! ಆದರೆ ಅದು ಗಡಿಯಾರದ ಲೆಕ್ಕ ಮಾತ್ರ. ರೈಲು ನಿಜವಾಗಿಯೂ ಯಾಕೆ ನಿಲ್ಲುತ್ತದೆ ಅಂತ ತಿಳಿಯಬೇಕಾದರೆ ಸಿಟಿ ಸ್ಟೇಷನ್ ಹುಟ್ಟಿದ ರೀತಿಯನ್ನೇ ನೋಡಬೇಕು. ಇವತ್ತು ಲಕ್ಷದ ಲೆಕ್ಕದಲ್ಲಿ ಜನ ಓಡಾಡುವ ಈ ನಿಲ್ದಾಣದ ಬಹುಪಾಲು ತಾಪತ್ರಯ 1860ರಿಂದ 1890ರ ಒಳಗೆ ಯಾರೋ ಎಳೆದ ಗೆರೆಗಳಿಂದ ಬಂದದ್ದು.

ಎರಡು ಊರು, ಎರಡು ರೈಲು

ಆಗ ಬೆಂಗಳೂರು ಒಂದು ಊರಲ್ಲ, ಎರಡು. ಪಶ್ಚಿಮಕ್ಕೆ ಪೇಟೆ: ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆ, ವ್ಯಾಪಾರ, ನೇಯ್ಗೆ, ಕೋಟೆ. ಪೂರ್ವಕ್ಕೆ ದಂಡು: ಬ್ರಿಟಿಷರ ಸೈನ್ಯ, ಬಂಗಲೆ, ಪರೇಡ್ ಮೈದಾನ. ನಡುವೆ ತೋಟ, ಕೆರೆ, ಬಯಲು. ಮದ್ರಾಸ್ ರೈಲ್ವೆ ಕಂಪನಿ 1864ರಲ್ಲಿ ಜೋಲಾರಪೇಟೆಯಿಂದ ಹಳಿ ತಂದಾಗ ಅದನ್ನು ತಂದು ನಿಲ್ಲಿಸಿದ್ದು ದಂಡಿನಲ್ಲಿ. ಅದರಲ್ಲಿ ಆಶ್ಚರ್ಯ ಏನಿಲ್ಲ. ಸಿಪಾಯಿಗಳು ಇದ್ದದ್ದು ಅಲ್ಲಿ, ಮದ್ದುಗುಂಡು ಬೇಕಾದದ್ದು ಅಲ್ಲಿ. ಪೇಟೆಯ ವ್ಯಾಪಾರಿಗೆ ಮದ್ರಾಸಿನ ಸರಕು ಬೇಕಾದರೆ ಗಾಡಿ ಕಟ್ಟಿಕೊಂಡು ದಂಡಿಗೆ ಹೋಗಬೇಕಿತ್ತು. ಇವತ್ತಿಗೂ ಆ ನಿಲ್ದಾಣದ ಕನ್ನಡ ಫಲಕದಲ್ಲಿ 'ಬೆಂಗಳೂರು ದಂಡು' ಅಂತಲೇ ಇದೆ.

ಮುಂದಿನ ಗೆರೆ ಎಳೆದದ್ದು ಬರ. 1876ರಿಂದ 78ರವರೆಗೆ ಬಂದ ಆ ಬರವನ್ನು ಹಳೇ ಮೈಸೂರಿನ ಕಡೆ ಸಂವತ್ಸರಗಳ ಹೆಸರಲ್ಲಿ ಧಾತು ಈಶ್ವರದ ಬರ ಅನ್ನುತ್ತಿದ್ದರು. ಮೈಸೂರು ಸಂಸ್ಥಾನದ ಜನರಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಂದು ಪಾಲು ತೀರಿಕೊಂಡಿತು. ಮದ್ರಾಸಿನಿಂದ ರೈಲಿನಲ್ಲಿ ಧಾನ್ಯ ಬರುತ್ತಿತ್ತು, ನಿಜ. ಆದರೆ ದಂಡಿನವರೆಗೆ ಮಾತ್ರ. ಅಲ್ಲಿಂದ ಒಳನಾಡಿಗೆ ಎತ್ತಿನ ಗಾಡಿಯೇ ಗತಿ. ಜನಕ್ಕೇ ಅನ್ನ ಇಲ್ಲದಾಗ ಎತ್ತಿಗೆ ಮೇವು ಎಲ್ಲಿಂದ ಬರಬೇಕು? ಧಾನ್ಯ ಇದ್ದೂ ಹಳ್ಳಿಗೆ ಮುಟ್ಟದ ಸ್ಥಿತಿ. ಸಂಸ್ಥಾನದ ಒಳಗೆ ರೈಲು ಬೇಕೇ ಬೇಕು ಅನ್ನುವುದು ಆಗ ಎಲ್ಲರಿಗೂ ಅರ್ಥವಾಯಿತು. ಬೆಂಗಳೂರು ಮೈಸೂರು ಹಳಿಯ ಕೆಲಸ ಶುರುವಾದದ್ದು ಬರಗಾಲದ ಕೂಲಿ ಕೆಲಸವಾಗಿಯೇ. ಹೊಟ್ಟೆಗಿಲ್ಲದವರು ಮಣ್ಣು ಹೊತ್ತು ಏರಿ ಕಟ್ಟಿದರು. ನಾವು ಕಿಟಕಿ ಪಕ್ಕ ಕೂತು ಮದ್ದೂರು ವಡೆ ತಿನ್ನುತ್ತಾ ಹೋಗುವ ದಾರಿ ಅದು.

1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ವಾಪಸ್ ಕೊಟ್ಟರು. ಚಾಮರಾಜೇಂದ್ರ ಒಡೆಯರ್ ಗದ್ದುಗೆಗೆ, ರಂಗಾಚಾರ್ಲು ದಿವಾನಗಿರಿಗೆ ಬಂದರು. ಮೊದಲು ಚನ್ನಪಟ್ಟಣದವರೆಗೆ, ಆಮೇಲೆ ಮಂಡ್ಯದ ಕಡೆಗೆ, 1882ರ ಹೊತ್ತಿಗೆ ಮೈಸೂರಿಗೆ ರೈಲು ಓಡಿತು. ಈ ಹಳಿ ಹೊರಟದ್ದು ದಂಡಿನಿಂದ ಅಲ್ಲ, ಪೇಟೆಯ ಪಕ್ಕದಿಂದ. ಇದು ಸಂಸ್ಥಾನದ ರೈಲು. ಹೊರಡಬೇಕಾದದ್ದು ಸಂಸ್ಥಾನದ ಊರಿಂದ, ಅಲ್ವಾ? ಹೀಗೆ ಧರ್ಮಾಂಬುಧಿ ಕೆರೆಯ ಎದುರಿಗೆ ಸಿಟಿ ಸ್ಟೇಷನ್ ಬಂತು. ಅದೇ 1882ರಲ್ಲಿ ದಂಡಿನಿಂದ ಮದ್ರಾಸಿನ ಹಳಿಯನ್ನೂ ಇಲ್ಲಿಯವರೆಗೆ ಎಳೆದರು. ಸ್ವಲ್ಪದರಲ್ಲೇ, 1884ರಲ್ಲಿ ತುಮಕೂರಿಗೆ, ದಶಕ ಮುಗಿಯುವ ಮೊದಲು ಹರಿಹರಕ್ಕೆ, ಅಲ್ಲಿಂದ ಹುಬ್ಬಳ್ಳಿ ಪುಣೆ ಕಡೆಗೆ ದಾರಿ ತೆರೆಯಿತು.

ಈಗ ನಕ್ಷೆಯನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಸಂಸ್ಥಾನದ ರೈಲು ಮೈಸೂರಿನಿಂದ ಬಂದು, ಸಿಟಿ ಸ್ಟೇಷನ್ನಿನ ದಕ್ಷಿಣದ ತುದಿಯಲ್ಲಿ ಒಳಗೆ ನುಗ್ಗಿ, ಉತ್ತರದ ತುದಿಯಲ್ಲಿ ಹೊರಟು ಮಲ್ಲೇಶ್ವರ, ಯಶವಂತಪುರ, ತುಮಕೂರಿನ ಕಡೆಗೆ ನೆಟ್ಟಗೆ ಹೋಗುತ್ತದೆ. ಮದ್ರಾಸಿನ ರೈಲು? ಅದು ಪೂರ್ವದಿಂದ ಬಂದು, ಅದೇ ಉತ್ತರದ ತುದಿಯಲ್ಲಿ ಪಕ್ಕದಿಂದ ಸೇರಿಕೊಳ್ಳುತ್ತದೆ. ಅಂದರೆ ದಕ್ಷಿಣದ ಬಾಗಿಲಿಗೆ ಮೈಸೂರಿನ ದಾರಿ ಒಂದೇ. ಉತ್ತರದ ಬಾಗಿಲಿಗೆ ಉಳಿದ ಪ್ರಪಂಚವೆಲ್ಲ. ಚೆನ್ನೈ, ಕೇರಳ, ಸೇಲಂ, ಆಂಧ್ರ, ದೆಹಲಿ, ಮುಂಬೈ, ಹುಬ್ಬಳ್ಳಿ, ಬೆಳಗಾವಿ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೊಸ ಹಳಿ ತೆರೆದಾಗ ಅದೂ ಬಂದು ಸೇರಿದ್ದು ಯಶವಂತಪುರದ ಕಡೆಯಿಂದಲೇ.

ಇದರಿಂದ ಇನ್ನೊಂದು ವಿಚಿತ್ರ ಆಗುತ್ತದೆ. ಚೆನ್ನೈನಿಂದ ಮೈಸೂರಿಗೆ ಹೋಗುವ ರೈಲು ಸಿಟಿಯಲ್ಲಿ ನಿಂತು ನೆಟ್ಟಗೆ ಮುಂದಕ್ಕೆ ಹೋಗಬಹುದು. ಚೆನ್ನೈ ಕಡೆಯಿಂದ ಬಂದು ಹುಬ್ಬಳ್ಳಿಗೆ ಹೋಗಬೇಕಾದ ರೈಲು ಸಿಟಿಗೆ ಬಂದರೆ, ಬಂದ ಬಾಗಿಲಿನಿಂದಲೇ ಹೊರಗೆ ಹೋಗಬೇಕು. ಇಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ತಂದು ಕಟ್ಟಬೇಕು. ಅಷ್ಟು ಹೊತ್ತು ಪ್ಲಾಟ್‌ಫಾರ್ಮ್ ಖಾಲಿ ಆಗುವುದಿಲ್ಲ. ಎಷ್ಟೋ ದೂರದ ರೈಲುಗಳು ಸಿಟಿಗೆ ಬರದೆ ಬೈಯಪ್ಪನಹಳ್ಳಿ, ಬಾಣಸವಾಡಿ, ಯಶವಂತಪುರದ ಬಳಸು ದಾರಿ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಅಗಲ ಬೇರೆ, ಮನಸ್ಸೂ ಬೇರೆ

ಹಳಿಗಳು ಒಂದೇ ನಿಲ್ದಾಣಕ್ಕೆ ಬಂದವು, ಆದರೆ ಸೇರಲಿಲ್ಲ. ಮದ್ರಾಸಿನದು ಬ್ರಾಡ್‌ಗೇಜ್, ಎರಡು ಕಂಬಿಗಳ ನಡುವೆ 1676 ಮಿಲಿಮೀಟರ್. ಮೈಸೂರಿನದು ಮೀಟರ್‌ಗೇಜ್, ಸರಿಯಾಗಿ 1000 ಮಿಲಿಮೀಟರ್. ವೈಸರಾಯ್ ಲಾರ್ಡ್ ಮೇಯೊ ಕಾಲದಲ್ಲಿ, ಅಂದರೆ 1870ರ ಸುಮಾರಿಗೆ, ಖರ್ಚು ಉಳಿಸಲು ಸರ್ಕಾರ ಮೀಟರ್‌ಗೇಜನ್ನು ಒಪ್ಪಿಕೊಂಡಿತ್ತು. ಬರದಿಂದ ಬಸವಳಿದ ಸಂಸ್ಥಾನಕ್ಕೆ ಅಗ್ಗದ ಹಳಿಯೇ ಕೈಗೆಟುಕುವಂಥದ್ದು. ಬೆಂಗಳೂರಿನ ಕಡೆಯಿಂದ ಯಲಹಂಕದ ಮೇಲೆ ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಕೋಲಾರದ ಕಡೆಗೆ 762 ಮಿಲಿಮೀಟರಿನ ಪುಟಾಣಿ ನ್ಯಾರೊಗೇಜ್ ಕೂಡ ಮುಂದೆ ಬಂತು. ಒಂದೇ ಊರಿನ ಸುತ್ತ ಮೂರು ಅಳತೆ!

ಪರಿಣಾಮ ಏನಾಯಿತು? ತುಮಕೂರು ಕಡೆಯ ವ್ಯಾಗನ್ ಮದ್ರಾಸಿಗೆ ಹೋಗಲಾರದು. ಸಿಟಿಗೆ ಬಂದ ಮೂಟೆಯನ್ನೆಲ್ಲ ಒಂದು ವ್ಯಾಗನ್ನಿನಿಂದ ಇಳಿಸಿ, ಇನ್ನೊಂದಕ್ಕೆ ಹೊತ್ತು ಹಾಕಬೇಕು. ದಶಕಗಟ್ಟಲೆ ಬೆಂಗಳೂರಿನ ಕೂಲಿಗಳ ಬೆನ್ನು ಬಗ್ಗಿದ್ದು ಈ ಆರುನೂರ ಎಪ್ಪತ್ತಾರು ಮಿಲಿಮೀಟರ್ ವ್ಯತ್ಯಾಸಕ್ಕೆ. ಸ್ಟೇಷನ್ನಿನ ಹತ್ತಿರದ ರಸ್ತೆಯೊಂದಕ್ಕೆ ಗೂಡ್ಸ್‌ಶೆಡ್ ರಸ್ತೆ ಅಂತಲೇ ಹೆಸರು ಬಂತು. ಈಗ ಫಲಕದಲ್ಲಿ ಟಿ.ಸಿ.ಎಂ. ರಾಯನ್ ರಸ್ತೆ ಅಂತ ಇದ್ದರೂ ಹಳಬರ ಬಾಯಲ್ಲಿ ಹಳೆಯ ಹೆಸರೇ. ರೈಲು ಬಂದ ಬೆನ್ನಿಗೇ ಗಿರಣಿಗಳೂ ಬಂದವು. ಕಾಟನ್‌ಪೇಟೆಯ ಆಚೆ 1884ರಲ್ಲಿ ಶುರುವಾದ ಬಟ್ಟೆ ಗಿರಣಿ ಮುಂದೆ ಬಿನ್ನಿ ಮಿಲ್ ಅಂತ ಹೆಸರಾಯಿತು. ಮಲ್ಲೇಶ್ವರದ ಕಡೆ ರಾಜಾ ಮಿಲ್, ಮಾಗಡಿ ರಸ್ತೆಯ ಕಡೆ ಮಿನರ್ವ ಮಿಲ್. ಸ್ಟೇಷನ್ನಿನ ಸುತ್ತ ಅರ್ಧ ಚಂದ್ರಾಕಾರದಲ್ಲಿ ಸೈರನ್ ಕೂಗುವ ಊರೊಂದು ಬೆಳೆಯಿತು.

ಸಂಸ್ಥಾನದ ರೈಲು 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಹಳಿಗಳ ಭೇದ ಮಾತ್ರ ಹಾಗೇ ಉಳಿಯಿತು. ಮೈಸೂರು ಬೆಂಗಳೂರು ನಡುವಿನ ಟಿಪ್ಪು ಎಕ್ಸ್‌ಪ್ರೆಸ್ 1980ರಲ್ಲಿ ಶುರುವಾದಾಗ ಅದೂ ಮೀಟರ್‌ಗೇಜ್ ರೈಲೇ. 2022ರಲ್ಲಿ ಅದಕ್ಕೆ ಒಡೆಯರ್ ಎಕ್ಸ್‌ಪ್ರೆಸ್ ಅಂತ ಹೆಸರು ಬದಲಾಯಿತು. ಕೊನೆಗೆ ಅಗಲ ಒಂದಾಗಲು ಶುರುವಾದದ್ದು 1990ರ ದಶಕದಲ್ಲಿ. ಆಗ ರೈಲ್ವೆ ಮಂತ್ರಿಯಾಗಿದ್ದವರು ಕರ್ನಾಟಕದ ಜಾಫರ್ ಷರೀಫ್. ದೇಶದ ಮೀಟರ್‌ಗೇಜನ್ನೆಲ್ಲ ಬ್ರಾಡ್‌ಗೇಜ್ ಮಾಡುವ ಯೋಜನೆ ಅವರ ಕಾಲದ್ದು. ಮೈಸೂರು ದಾರಿ, ಹುಬ್ಬಳ್ಳಿ ದಾರಿ ಒಂದರ ಹಿಂದೆ ಒಂದು ಬದಲಾದವು. ನನ್ನ ಲೆಕ್ಕದಲ್ಲಿ ಸಿಟಿ ಸ್ಟೇಷನ್ ನಿಜವಾಗಿ ಒಂದು ನಿಲ್ದಾಣ ಆದದ್ದು ಆಗಲೇ, ಕಟ್ಟಿ ನೂರು ವರ್ಷ ದಾಟಿದ ಮೇಲೆ.

ಅದಕ್ಕೊಂದು ಬೆಲೆಯೂ ಇತ್ತು. ಮೊದಲು ಎರಡು ಗೇಜಿನ ರೈಲುಗಳು ತಂತಮ್ಮ ಹಳಿಯಲ್ಲಿ ತಂತಮ್ಮ ಪ್ಲಾಟ್‌ಫಾರ್ಮಿಗೆ ಬಂದು ಹೋಗುತ್ತಿದ್ದವು. ಬೇಕೆಂದರೂ ಒಂದು ಇನ್ನೊಂದರ ಹಳಿಗೆ ಹೋಗುವ ಹಾಗಿರಲಿಲ್ಲ. ಅಗಲ ಒಂದಾದ ಮೇಲೆ ಎಲ್ಲಿಂದ ಎಲ್ಲಿಗಾದರೂ ರೈಲು ಓಡಿಸಬಹುದು. ಓಡಿಸಿದರು ಕೂಡ. ರೈಲುಗಳು ಬೆಳೆದವು, ಊರು ಬೆಳೆಯಿತು, ಆದರೆ ಬಾಗಿಲು ಅಷ್ಟೇ ಅಗಲ.

ಔಟರ್‌ನಲ್ಲಿ ಏನು ನಡೆಯುತ್ತದೆ

ಸಿಟಿ ಸ್ಟೇಷನ್ನಿನಲ್ಲಿ ಹತ್ತು ಪ್ಲಾಟ್‌ಫಾರ್ಮ್ ಇವೆ. ಹತ್ತು ಪ್ಲಾಟ್‌ಫಾರ್ಮ್ ಅಂದರೆ ಹತ್ತು ರೈಲು ಒಟ್ಟಿಗೆ ಬರಬಹುದು ಅಂತ ಅಲ್ಲ. ಉತ್ತರದ ತುದಿಯಲ್ಲಿ, ಓಕಳೀಪುರದ ಹತ್ತಿರ, ಅಷ್ಟೂ ಪ್ಲಾಟ್‌ಫಾರ್ಮುಗಳ ಹಳಿಗಳು ಕವಲು ಕೂಡಿ ಕೂಡಿ ಕೆಲವೇ ಹಳಿಗಳಾಗುತ್ತವೆ. ಒಂದು ರೈಲಿಗೆ ದಾರಿ ಕೊಟ್ಟಾಗ ಆ ದಾರಿಯನ್ನು ಅಡ್ಡ ಹಾಯುವ ಬೇರೆ ಯಾವ ದಾರಿಯೂ ತೆರೆಯದ ಹಾಗೆ ಬೀಗ ಬೀಳುತ್ತದೆ. ಇದಕ್ಕೆ ಇಂಟರ್‌ಲಾಕಿಂಗ್ ಅನ್ನುತ್ತಾರೆ. ಕವಲಿನ ಕಂಬಿಗಳು ಸರಿಯಾಗಿ ಕೂತು, ಅಲ್ಲೇ ಬೀಗ ಬಿದ್ದು, ಮುಂದಿನ ಹಳಿ ಖಾಲಿ ಅಂತ ಖಚಿತವಾದ ಮೇಲೆ ಮಾತ್ರ ಸಿಗ್ನಲ್ ಹಸಿರೋ ಹಳದಿಯೋ ಆಗುತ್ತದೆ. ಯಾರೋ ಅವಸರದಲ್ಲಿ ತಪ್ಪು ಗುಂಡಿ ಒತ್ತಿದರೂ ಎರಡು ರೈಲಿಗೆ ಒಂದೇ ದಾರಿ ಸಿಗಬಾರದು, ಅದಕ್ಕೇ ಈ ಏರ್ಪಾಡು.

ದಂಡಿನ ಕಡೆಯ ಹಳಿ ಮೆಜೆಸ್ಟಿಕ್ ಬದಿಗೆ ಇದೆ, ಯಶವಂತಪುರದ್ದು ಓಕಳೀಪುರದ ಬದಿಗೆ. ದಂಡಿನಿಂದ ಬರುವ ರೈಲಿಗೆ ಒಂದನೇ ಪ್ಲಾಟ್‌ಫಾರ್ಮ್ ಸಿಕ್ಕರೆ ಸಲೀಸು. ದೊಡ್ಡ ನಂಬರಿನ ಪ್ಲಾಟ್‌ಫಾರ್ಮ್ ಸಿಕ್ಕರೆ ಯಶವಂತಪುರದ ದಾರಿಯನ್ನು ಅಡ್ಡ ಹಾಯಬೇಕು. ಆ ಹೊತ್ತಿಗೆ ತುಮಕೂರಿನ ರೈಲು ಹೊರಟಿದ್ದರೆ ಯಾರಾದರೂ ಒಬ್ಬರು ಕಾಯಬೇಕು. ಕಾಯುವವರು ಸಾಮಾನ್ಯವಾಗಿ ಔಟರ್‌ನಲ್ಲಿರುವ ನಾವು.

ಆದರೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಬೆಂಗಳೂರಿಗೆ ಬರುವ ರೈಲುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ. ದಾರಿ ಮೇಲಿನ ನಿಲ್ದಾಣದಲ್ಲಿ ರೈಲು ಬರುತ್ತದೆ, ಐದು ನಿಮಿಷ ನಿಲ್ಲುತ್ತದೆ, ಹೋಗುತ್ತದೆ. ಕೊನೆಯ ನಿಲ್ದಾಣದಲ್ಲಿ ಹಾಗಲ್ಲ. ಮದುವೆ ಛತ್ರದಲ್ಲಿ ಎಲೆ ತೆಗೆದು ಒರೆಸದೆ ಮುಂದಿನ ಪಂಕ್ತಿ ಕೂರಿಸಲು ಆಗುತ್ತದೆಯೇ? ಇಲ್ಲೂ ಅದೇ ಕಥೆ. ಜನ ಇಳಿಯಬೇಕು, ಪಾರ್ಸೆಲ್ ಇಳಿಯಬೇಕು, ಆಮೇಲೆ ಶಂಟಿಂಗ್ ಇಂಜಿನ್ ಬಂದು ಖಾಲಿ ಬೋಗಿಗಳನ್ನು ಯಾರ್ಡಿಗೆ ಎಳೆದುಕೊಂಡು ಹೋಗಬೇಕು. ಯಾರ್ಡಿನಲ್ಲಿ ಪಿಟ್ ಲೈನ್ ಇರುತ್ತದೆ. ಹಳಿಯ ನಡುವೆ ಹಳ್ಳ ತೋಡಿ, ಆಳುಗಳು ಕೆಳಗಿಂದ ನಿಂತು ಚಕ್ರ, ಬ್ರೇಕು, ಸ್ಪ್ರಿಂಗು ನೋಡುವ ಜಾಗ. ದೂರದ ರೈಲಿಗೆ ಈ ತಪಾಸಣೆ, ತೊಳೆಯುವುದು, ನೀರು ತುಂಬಿಸುವುದು, ಹೊದಿಕೆ ಏರಿಸುವುದು ಎಲ್ಲ ಸೇರಿ ಹಲವು ಗಂಟೆ ಬೇಕು. ಹೊರಡುವ ಸಮಯಕ್ಕೆ ಅದೇ ಬೋಗಿಗಳನ್ನು ಮತ್ತೆ ಪ್ಲಾಟ್‌ಫಾರ್ಮಿಗೆ ತಂದು ನಿಲ್ಲಿಸಬೇಕು.

ಲೆಕ್ಕ ಹಾಕಿ ನೋಡಿ. ಬರುವಾಗ ಒಂದು ಸಲ, ಯಾರ್ಡಿಗೆ ಹೋಗುವಾಗ ಒಂದು ಸಲ, ವಾಪಸ್ ಬರುವಾಗ ಇನ್ನೊಂದು, ಹೊರಡುವಾಗ ಮತ್ತೊಂದು. ಇಂಜಿನ್ನಿನ ಓಡಾಟ ಬೇರೆ. ಹಾದು ಹೋಗುವ ರೈಲು ಎರಡು ಸಲ ಬಳಸುವ ಕವಲುಗಳನ್ನು, ಇಲ್ಲೇ ಮುಗಿಯುವ ರೈಲು ನಾಲ್ಕು ಸಲವೋ ಅದಕ್ಕಿಂತ ಜಾಸ್ತಿಯೋ ಹಿಡಿದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಐದರಿಂದ ಹತ್ತರವರೆಗೆ ರಾತ್ರಿ ರೈಲುಗಳೆಲ್ಲ ಬಂದು ಮುಗಿಯುವ ಹೊತ್ತು, ಹಗಲು ರೈಲುಗಳೆಲ್ಲ ಹೊರಡುವ ಹೊತ್ತು, ಆಫೀಸಿಗೆ ಬರುವವರ ಲೋಕಲ್ ರೈಲುಗಳ ಹೊತ್ತು. ಔಟರ್‌ನಲ್ಲಿ ಹೆಚ್ಚಾಗಿ ಈ ಹೊತ್ತಿನಲ್ಲೇ ಸಿಕ್ಕಿಬೀಳುವುದು ಯಾಕೆ ಅಂತ ಇನ್ನು ಹೇಳಬೇಕಾಗಿಲ್ಲ.

ಹಾಗಾದರೆ ಇನ್ನಷ್ಟು ಹಳಿ ಹಾಕಬಾರದೇ? ಹಾಕಲು ಜಾಗ ಎಲ್ಲಿದೆ? ಒಂದು ಕಡೆ ಮೆಜೆಸ್ಟಿಕ್, ಒಂದು ಕಡೆ ಓಕಳೀಪುರ, ಎರಡೂ ಗಿಜಿಗುಡುತ್ತಿವೆ.

ಕೆರೆ ಹೋಗಿ ಬಸ್ ಬಂತು

ಸ್ಟೇಷನ್ನಿನ ಎದುರಿನ ಧರ್ಮಾಂಬುಧಿ ಕೆರೆ ಪೇಟೆಯ ಜನಕ್ಕೆ ನೀರು ಕೊಡುತ್ತಿದ್ದ ಕೆರೆ. ಕೆಂಪೇಗೌಡರ ಕಾಲದ್ದು ಅಂತ ಹೇಳಿಕೆ. ಹೊಸ ರಸ್ತೆ, ಹಳಿ, ಬಡಾವಣೆಗಳ ನಡುವೆ ಅದಕ್ಕೆ ನೀರು ಬರುವ ದಾರಿಗಳು ಮುಚ್ಚುತ್ತಾ ಹೋದವು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಕೆರೆಯನ್ನು ನೋಡಿಕೊಳ್ಳುವ ದರ್ದೂ ಯಾರಿಗೂ ಇರಲಿಲ್ಲ. ಒಣಗಿದ ಕೆರೆ ಅಂಗಳ ಸುಭಾಷ್ ನಗರದ ಮೈದಾನವಾಯಿತು. ಸಭೆ, ಸಮಾರಂಭ, ವಸ್ತು ಪ್ರದರ್ಶನ ನಡೆದವು. 1960ರ ದಶಕದ ಹೊತ್ತಿಗೆ ಬಸ್ಸುಗಳು ಬಂದು ನಿಂತವು. ಅದೇ ಕೆಂಪೇಗೌಡ ಬಸ್ ನಿಲ್ದಾಣ. ಪಕ್ಕದಲ್ಲಿ ಇನ್ನೂ ಟ್ಯಾಂಕ್ ಬಂಡ್ ರಸ್ತೆ ಅನ್ನುವ ಹೆಸರು ಇದೆ, ಟ್ಯಾಂಕೂ ಇಲ್ಲ ಬಂಡೂ ಇಲ್ಲ. ಜೋರು ಮಳೆ ಬಂದ ದಿನ ಓಕಳೀಪುರದ ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತು ಬಸ್ಸು ಸಿಕ್ಕಿಬಿದ್ದರೆ ನಾವು ಪಾಲಿಕೆಯನ್ನು ಬೈಯುತ್ತೇವೆ. ಬೈಯುವುದು ಸರಿಯೇ. ಆದರೆ ಇದು ತಗ್ಗಿನ ಜಾಗ, ನೀರು ಹರಿದು ಬರುವುದು ಸಹಜ.

ರೈಲಿನ ಎದುರಿಗೆ ಬಸ್ಸು ಬಂದದ್ದರಿಂದ ಮೆಜೆಸ್ಟಿಕ್ ಮೆಜೆಸ್ಟಿಕ್ ಆಯಿತು. ಆ ಹೆಸರು ಕೊಟ್ಟದ್ದು ಮಾತ್ರ ಒಂದು ಸಿನಿಮಾ ಟಾಕೀಸು. ರಾತ್ರಿ ಬಂದಿಳಿದವನಿಗೆ ಲಾಡ್ಜು, ಹೋಟೆಲು, ಟೈಂಪಾಸಿಗೆ ಸಿನಿಮಾ, ಎಲ್ಲ ಕಾಲ್ನಡಿಗೆಯ ದೂರದಲ್ಲಿ. ಕನ್ನಡ ಸಿನಿಮಾದ ಹಂಚಿಕೆದಾರರ ಆಫೀಸುಗಳು ಗಾಂಧಿನಗರದಲ್ಲಿ ಬೆಳೆದದ್ದೂ ಇದರ ಮಗ್ಗುಲಲ್ಲೇ.

ಇವೆಲ್ಲಕ್ಕೂ ಮೊದಲು, ಊರಿಂದ ಬಂದವರು ಉಳಿಯಲು ಜಾಗ ಇಲ್ಲದೆ ಒದ್ದಾಡುವುದನ್ನು ಕಂಡು ಗುಬ್ಬಿ ತೋಟದಪ್ಪ ಅನ್ನುವ ವ್ಯಾಪಾರಿ ಸ್ಟೇಷನ್ನಿನ ಎದುರಿಗೇ ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಬಡ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಕೂಡ ನಡೆಯಿತು. ಎದುರಿನ ರಸ್ತೆಗೆ ಅವರದೇ ಹೆಸರು. ನಗರದ ರಸ್ತೆಗಳಲ್ಲಿ ಹೆಸರಿಗೂ ಜಾಗಕ್ಕೂ ಇಷ್ಟು ನೇರ ಸಂಬಂಧ ಇರುವುದು ಅಪರೂಪ.

ರೈಲು ಒಳ್ಳೆಯದನ್ನು ಮಾತ್ರ ತರಲಿಲ್ಲ. 1898ರಲ್ಲಿ ಪ್ಲೇಗ್ ಬೆಂಗಳೂರಿಗೆ ಬಂದದ್ದು ಹುಬ್ಬಳ್ಳಿ ಧಾರವಾಡದ ಕಡೆಯಿಂದ, ಇದೇ ರೈಲಿನಲ್ಲಿ. ಒತ್ತೊತ್ತಾಗಿದ್ದ ಪೇಟೆಯಲ್ಲಿ ಅದು ಬೆಂಕಿಯ ವೇಗದಲ್ಲಿ ಹಬ್ಬಿತು. ಜನ ಪೇಟೆ ಬಿಟ್ಟು ಓಡಿದರು. ಆಗಲೇ ಯೋಜನೆ ಹಾಕಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೇಗ ತುಂಬಿದವು. ಗಾಳಿ ಬೆಳಕಿನ ಅಗಲ ರಸ್ತೆ, ಮನೆಗಳ ನಡುವೆ ಅಂತರ, ಮನೆಗಳ ಹಿಂದೆ ಕಸ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಮಲ್ಲೇಶ್ವರದ ಈ ಚೆಂದಕ್ಕೆಲ್ಲ ಹಿಂದೆ ಪ್ಲೇಗಿನ ಭಯ ಇದೆ.

ಬೆಳಗಿನ ಜನ, ರಾತ್ರಿಯ ಜನ

ಸಿಟಿ ಸ್ಟೇಷನ್ನಿಗೆ ಬರುವವರನ್ನೆಲ್ಲ ಪ್ರಯಾಣಿಕರು ಅಂದರೆ ಅರ್ಧ ಸತ್ಯ. ಬೆಳಿಗ್ಗೆ ಬರುವವರಲ್ಲಿ ದೊಡ್ಡ ಪಾಲು ಪಾಸಿನವರು. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದಿಂದ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತುವ ಗುಮಾಸ್ತರು, ನರ್ಸುಗಳು, ಕಾಲೇಜು ಹುಡುಗರು. ತುಮಕೂರಿನಿಂದ ಬರುವವರದು ಇನ್ನೊಂದು ಪಡೆ. ಇವರ ಸೀಟು ಟಿಕೆಟ್ಟಿನಲ್ಲಿ ಬರೆದಿರುವುದಿಲ್ಲ, ಆದರೆ ಯಾರು ಎಲ್ಲಿ ಕೂರಬೇಕು ಅನ್ನುವುದು ಬೋಗಿಗೆಲ್ಲ ಗೊತ್ತು. ಗೊತ್ತಿಲ್ಲದೆ ಕೂತ ಹೊಸಬರಿಗೆ ಒಂದು ನೋಟ ಸಿಗುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಕೆಜಿಎಫ್‌ನವರ ರೈಲು. ಚಿನ್ನದ ಗಣಿಗೆಂದು ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ 1890ರ ದಶಕದಲ್ಲಿ ಹಾಕಿದ ಕವಲು ಹಳಿ ಅದು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಹಳಿ ಉಳಿಯಿತು. ಗಣಿಯ ಯಂತ್ರ, ಕಲ್ಲಿದ್ದಲು ತರುತ್ತಿದ್ದ ದಾರಿ ಈಗ ಗಣಿ ಕಾರ್ಮಿಕರ ಮಕ್ಕಳನ್ನು ದಿನಾ ಬೆಂಗಳೂರಿಗೆ ತರುತ್ತದೆ. ನೂರರ ಹತ್ತಿರ ಕಿಲೋಮೀಟರ್ ಬರುವುದು, ಮತ್ತೆ ಅಷ್ಟೇ ಹೋಗುವುದು. ಬೆಳಿಗ್ಗೆ ಕತ್ತಲಲ್ಲಿ ಮನೆ ಬಿಟ್ಟು ರಾತ್ರಿ ಕತ್ತಲಲ್ಲಿ ಮನೆ ಸೇರುವುದು. ಸೆಕ್ಯೂರಿಟಿ, ಮಾಲ್, ಗಾರ್ಮೆಂಟ್ಸ್, ಆಸ್ಪತ್ರೆ, ಐಟಿ ಕಂಪನಿ, ಎಲ್ಲ ಕಡೆ ಅವರಿದ್ದಾರೆ. ಬೆಂಗಳೂರಿನಲ್ಲಿ ಬಾಡಿಗೆ ಕೊಡುವಷ್ಟು ಸಂಬಳ ಇಲ್ಲ, ಕೆಜಿಎಫ್‌ನಲ್ಲಿ ಕೆಲಸ ಇಲ್ಲ. ಈ ಎರಡರ ನಡುವೆ ರೈಲ್ವೆ ಪಾಸ್ ಇದೆ. ಔಟರ್‌ನಲ್ಲಿ ಇಪ್ಪತ್ತು ನಿಮಿಷ ನಿಂತರೆ ನಮಗೆ ಕಿರಿಕಿರಿ, ಇವರಿಗೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ.

ರಾತ್ರಿ ಜನ ಬೇರೆ. ಉತ್ತರ ಕರ್ನಾಟಕದವರ ಹೊತ್ತು ಅದು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಹೊಸಪೇಟೆ ಕಡೆಗೆ ರೈಲುಗಳು ಸಾಲಾಗಿ ಹೊರಡುತ್ತವೆ. ಕಿತ್ತೂರಿನ ಸೈನ್ಯದಲ್ಲಿದ್ದು, ಬ್ರಿಟಿಷರ ವಿರುದ್ಧ ಗೆರಿಲ್ಲಾ ಯುದ್ಧ ಮಾಡಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಹೆಸರನ್ನು 2016ರ ಸುಮಾರಿಗೆ ಈ ನಿಲ್ದಾಣಕ್ಕೆ ಇಟ್ಟರು. ರಾಯಣ್ಣನ ಹೆಸರಿನ ನಿಲ್ದಾಣದಿಂದ ದಿನಾ ರಾತ್ರಿ ಅವನ ಊರ ಕಡೆಗೆ ಹೊರಡುವ ರೈಲಿನ ಹೆಸರು ರಾಣಿ ಚೆನ್ನಮ್ಮ. ಹಬ್ಬದ ಹಿಂದಿನ ದಿನ ಈ ರೈಲಿನ ಜನರಲ್ ಬೋಗಿ ನೋಡಬೇಕು. ಕಟ್ಟಡದ ಕೆಲಸದವರು, ಅವರ ಮಕ್ಕಳು, ಸಿಮೆಂಟ್ ಚೀಲದಲ್ಲಿ ತುಂಬಿದ ಪಾತ್ರೆ. ಒಳಗೆ ಹೋಗಲು ದಾರಿ ಇಲ್ಲದಾಗ ಮಗುವನ್ನು ಕಿಟಕಿಯಿಂದ ಒಳಗೆ ದಾಟಿಸುತ್ತಾರೆ.

2012ರ ಆಗಸ್ಟ್‌ನಲ್ಲಿ ಇದೇ ನಿಲ್ದಾಣ ಇನ್ನೊಂದು ರೀತಿಯ ಜಂಗುಳಿಯನ್ನು ಕಂಡಿತು. ಈಶಾನ್ಯ ರಾಜ್ಯದವರ ಮೇಲೆ ಹಲ್ಲೆ ಆಗುತ್ತದೆ ಅನ್ನುವ ವದಂತಿ ಎಸ್ಸೆಮ್ಮೆಸ್ಸಿನಲ್ಲಿ ಹರಡಿತು. ಸಾವಿರಾರು ಜನ ಕೆಲಸ, ಕಾಲೇಜು, ಬಾಡಿಗೆ ಮನೆ ಬಿಟ್ಟು ಸಿಟಿ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಹೋಗಬೇಡಿ ಅಂತ ಪೊಲೀಸರು, ಮಂತ್ರಿಗಳು, ಸಾಮಾನ್ಯ ಜನರು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೇಳಿಕೊಂಡರು. ಒಟ್ಟಿಗೆ ತುಂಬ ಎಸ್ಸೆಮ್ಮೆಸ್ ಕಳಿಸುವುದನ್ನು ಸರ್ಕಾರ ಕೆಲವು ದಿನ ನಿಲ್ಲಿಸಿತು. ಒಂದು ಊರು ಯಾರನ್ನು ಹೆದರಿಸಿದೆ ಅನ್ನುವುದು ಮೊದಲು ಗೊತ್ತಾಗುವುದು ಅದರ ರೈಲ್ವೆ ಸ್ಟೇಷನ್ನಿನಲ್ಲೇ.

ಈ ಜನಸಾಗರದ ನಡುವೆ ಕ್ರಮ ತಪ್ಪದೆ ನಡೆಯುವುದು ಮೈಕಿನ ದನಿ. 'ಗಾಡಿ ಸಂಖ್ಯೆ ಒಂದು, ಎರಡು, ಆರು, ಎರಡು, ಏಳು' ಅಂತ ಒಂದೊಂದೇ ಅಂಕಿ ಬಿಡಿಸಿ ಹೇಳುತ್ತದೆ. ಕನ್ನಡ, ಹಿಂದಿ, ಇಂಗ್ಲಿಷ್, ಮೂರು ಸಲ. ಆ ಐದು ಅಂಕಿಗೂ ಒಂದು ಲೆಕ್ಕ ಇದೆ. 2010ರ ಡಿಸೆಂಬರ್‌ನಲ್ಲಿ ನಾಲ್ಕು ಅಂಕಿ ಹೋಗಿ ಐದು ಬಂದವು. ಮೊದಲ ಅಂಕಿ 1 ಅಥವಾ 2 ಇದ್ದರೆ ದೂರದ ರೈಲು, 5 ಇದ್ದರೆ ಪ್ಯಾಸೆಂಜರ್, 6 ಇದ್ದರೆ ಮೆಮು, ಅಂದರೆ ಹತ್ತಿರದ ಊರುಗಳ ವಿದ್ಯುತ್ ರೈಲು, 0 ಇದ್ದರೆ ವಿಶೇಷ ರೈಲು. ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ 12627, ವಾಪಸ್ ಬರುವಾಗ 12628. ಹೋಗುವುದಕ್ಕೂ ಬರುವುದಕ್ಕೂ ಅಕ್ಕಪಕ್ಕದ ನಂಬರು. ಹೆಸರು ಮರೆತರೂ ನಂಬರು ನೆನಪಿಟ್ಟುಕೊಂಡರೆ ಸಾಕು. ಲಗೇಜು ಹೊರುವ ಕೂಲಿಗಳನ್ನು ರೈಲ್ವೆ 2016ರಿಂದ ಸಹಾಯಕ್ ಅನ್ನುತ್ತದೆ. ಕೆಂಪು ಅಂಗಿ, ತೋಳಿನ ಹಿತ್ತಾಳೆ ಬಿಲ್ಲೆ ಹಾಗೇ ಇವೆ. ಚಕ್ರದ ಸೂಟ್‌ಕೇಸು, ಎಸ್ಕಲೇಟರ್ ಬಂದ ಮೇಲೆ ಅವರ ಹೊರೆಯೂ ಕಡಿಮೆ, ಸಂಪಾದನೆಯೂ ಕಡಿಮೆ.

ಭಾರ ಹಂಚುವ ಆಟ

ಬಾಗಿಲು ಅಗಲ ಮಾಡಲು ಆಗದಿದ್ದರೆ ಬರುವವರನ್ನು ಬೇರೆ ಬಾಗಿಲಿಗೆ ಕಳಿಸಬೇಕು. ರೈಲ್ವೆ ಮಾಡುತ್ತಿರುವುದು ಅದನ್ನೇ. ಮೊದಲು ಯಶವಂತಪುರ ಬೆಳೆಯಿತು. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯಲ್ಲಿ ಏಳು ಪ್ಲಾಟ್‌ಫಾರ್ಮಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಯಿತು. ವಿಮಾನ ನಿಲ್ದಾಣದ ಹಾಗೆ ಕಾಣುವ ಏಸಿ ಕಟ್ಟಡ. ಪೂರ್ವದಿಂದ ಬರುವ ರೈಲುಗಳನ್ನು ಅಲ್ಲೇ ಮುಗಿಸಿದರೆ ದಂಡು ಸಿಟಿ ನಡುವಿನ ಹಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಉಪಾಯ ಸರಿಯಾಗಿದೆ. ಆದರೆ ಮೆಟ್ರೊ ನಿಲ್ದಾಣ ಅದಕ್ಕೆ ಅಂಟಿಕೊಂಡಿಲ್ಲ. ಲಗೇಜು ಎಳೆದುಕೊಂಡು ನಡೆಯಬೇಕು, ಇಲ್ಲ ಆಟೊದವರು ಕೇಳಿದಷ್ಟು ಕೊಡಬೇಕು. ಸಿಟಿ ಸ್ಟೇಷನ್ನಿಗೆ ಎಷ್ಟೇ ಕಷ್ಟ ಇರಲಿ, ಇಳಿದವರ ಎದುರಿಗೇ ಬಸ್ಸು, 2016ರಿಂದ ಮೆಟ್ರೊ ಕೂಡ. ಜನ ಇನ್ನೂ ಸಿಟಿಯನ್ನೇ ಕೇಳುವುದು ಅದಕ್ಕೇ.

ಉಪನಗರ ರೈಲು ಯೋಜನೆಯ ಮಾತು ಬೇರೆ ಇದೆ. 148 ಕಿಲೋಮೀಟರ್, ನಾಲ್ಕು ದಾರಿ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೂವಿನ ಹೆಸರು ಇಟ್ಟವರಿಗೆ ಒಳ್ಳೆಯ ಅಭಿರುಚಿ ಇದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಸಂಪಿಗೆ ಸಿಟಿಯಿಂದ ದೇವನಹಳ್ಳಿಗೆ, ಪಾರಿಜಾತ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ. ಪಾಸಿನವರಿಗೆ ತಮ್ಮದೇ ಹಳಿ ಸಿಕ್ಕರೆ ದೂರದ ರೈಲಿನ ಜೊತೆ ಜಗ್ಗಾಟ ತಪ್ಪುತ್ತದೆ. ಕೆಲಸ ಸಾಗುತ್ತಿರುವ ವೇಗ ನೋಡಿದರೆ ಆ ಹೂವುಗಳು ಅರಳಲು ಇನ್ನೂ ಹೊತ್ತು ಇದೆ.

ಅಲ್ಲಿಯವರೆಗೆ ಎರಡು ಕಿವಿಮಾತು. ಟಿಕೆಟ್ಟಿನಲ್ಲಿ ಬೆಂಗಳೂರು ಅಂತ ಇದ್ದರೆ ಸಾಲದು, ಪಕ್ಕದ ಅಕ್ಷರಗಳನ್ನು ನೋಡಿ. ಎಸ್‌ಬಿಸಿ ಅಂದರೆ ಸಿಟಿ, ಬಿಎನ್‌ಸಿ ದಂಡು, ವೈಪಿಆರ್ ಯಶವಂತಪುರ, ಎಸ್‌ಎಂವಿಬಿ ಬೈಯಪ್ಪನಹಳ್ಳಿಯ ಟರ್ಮಿನಲ್. ಅಭ್ಯಾಸದ ಮೇಲೆ ಮೆಜೆಸ್ಟಿಕ್ಕಿಗೆ ಹೋಗಿ, ರೈಲು ಬೈಯಪ್ಪನಹಳ್ಳಿಯಿಂದ ಅಂತ ಆಮೇಲೆ ಗೊತ್ತಾಗಿ ಓಡುವವರಿಗೆ ಕೊರತೆ ಇಲ್ಲ. ಇನ್ನು ಚೆನ್ನೈ ಕಡೆಯಿಂದ ಬೆಳಿಗ್ಗೆ ಬರುವವರು, ಮನೆ ಶಿವಾಜಿನಗರ, ಇಂದಿರಾನಗರ, ಹೆಬ್ಬಾಳದ ಕಡೆ ಇದ್ದರೆ ಸುಮ್ನೆ ದಂಡಿನಲ್ಲೇ ಇಳಿದುಬಿಡಿ.